ಬಸವನ ಕಾಸು ತೊಳೆದ ವರ್ಷ

ಮೊನ್ನೆ ಕೊಳ್ಳೇಗಾಲಕ್ಕೆ ಹೋಗಿದ್ದೆ. ಸುಣ್ಣ ಇಡುವ ಬೆಳ್ಳಿ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು, ಆಚಾರಿಗೆ ಕೊಟ್ಟು ಪಕ್ಕದಲ್ಲಿ ಕೂತೆ. ಅವನು ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಯಾರದೋ ಕಾಲುಚೈನು ಬೇಯಿಸುತ್ತಿದ್ದ. ಹುಳಿ ವಾಸನೆ, ಅದರೊಳಗೆ ಬೆಳ್ಳಿಯ ಕನರು. ಬೆಳ್ಳಿಗೆ ವಾಸನೆ ಇಲ್ಲ ಅನ್ನುವವರು ಬೆಳ್ಳಿ ಉಜ್ಜಿದವರಲ್ಲ. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಮ್ಮಣ್ಣ ಸತ್ತ ವರ್ಷದ ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂತು. ದುಃಖಕ್ಕೆ ಬಂದದ್ದಲ್ಲ. ಆ ವರ್ಷ ನಾನು ಒಬ್ಬಳೇ ಇಡೀ ವಂಶದವರ ಎದುರು ನಿಂತಿದ್ದೆ, ಅದಕ್ಕೆ.

ನಮ್ಮೂರು ರಾಮಾಪುರದಿಂದ ಇನ್ನೂ ಒಳಗೆ, ಕಾಡಿನ ಕಡೆ. ನನ್ನನ್ನು ಮಾರ್ಟಳ್ಳಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದ ದಿನ ನಾನು ಬಟ್ಟೆ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಅಣ್ಣ ಪುಟ್ಟಮಾದಣ್ಣನಿಗೆ ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವನು ಹಿಪ್ಪುನೇರಳೆ ತೋಟ ನೋಡಿಕೊಂಡ, ನಾನು ಹುಳದ ಮನೆ ನೋಡಿಕೊಂಡೆ. ನಮ್ಮ ಸುತ್ತ ಇರುವ ಮನೆಗಳೆಲ್ಲ ಒಂದೇ ವಂಶದವು. ಎಲ್ಲರೂ ರೇಷ್ಮೆ ಹುಳ ಸಾಕುವವರೇ.

ಈ ವಂಶಕ್ಕೆ ಒಂದು ಬೆಳ್ಳಿ ಕಾಸು ಇದೆ. ಹಳೇ ಕಾಲದ ರೂಪಾಯಿಗಿಂತ ಅಗಲ, ದಪ್ಪ. ಮೇಲ್ಮಗ್ಗುಲಲ್ಲಿ ಒಬ್ಬ ಗಂಡಸಿನ ತಲೆ. ತಲೆಯ ಮೇಲೆ ಟೊಪ್ಪಿಗೆ, ಟೊಪ್ಪಿಗೆಗೆ ಎತ್ತಿನ ಕಿವಿ, ಎತ್ತಿನ ಕೊಂಬು. ಅದಕ್ಕೇ ಅದು ಬಸವನ ಕಾಸು. ಹಿಂದೆ ಯಾವಾಗಲೋ ಇಂಗು ಮಾರಲು ಬಂದ ಕಾಬೂಲಿಯವನೊಬ್ಬ ಜ್ವರ ಬಂದು ನಮ್ಮ ಜಗಲಿಯಲ್ಲಿ ಮಲಗಿದ್ದನಂತೆ, ಎದ್ದು ಹೋಗುವಾಗ ಕೊಟ್ಟನಂತೆ. ನಿಜವೋ ಸುಳ್ಳೋ, ನಾನು ನೋಡಿಲ್ಲ. ನಾನು ನೋಡಿದ್ದು ಇಷ್ಟು. ಪ್ರತಿ ಬೆಳೆಗೂ ಮುಂಚೆ ಸೋಮವಾರ ಆ ಕಾಸನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಕು. ಆಮೇಲೆ ಹಾಲಿನಲ್ಲಿ ತೊಳೆಯಬೇಕು. ಎಲ್ಲ ಮನೆಯವರೂ ಪಾತ್ರೆ ತಂದು ಆ ಹಾಲು ತೆಗೆದುಕೊಂಡು ಹೋಗಿ ತಂತಮ್ಮ ಹುಳದ ಮನೆಗೆ ಚಿಮುಕಿಸಬೇಕು. ಆಮೇಲೆಯೇ ಮರಿ ಹುಳ ಮನೆಗೆ ಬರುವುದು. ತೊಳೆಯುವ ಕೈ ಹಿರೀ ಮನೆಯ ಗಂಡಸಿನದು. ಅವನದೇ ಮೊದಲ ತಾಂಬೂಲ, ಅವನದೇ ಮೊದಲ ಮಾತು.

ಹಿರೀ ಮನೆ ನಮ್ಮದು. ಅಣ್ಣ ದೇವರ ಕೋಣೆಯ ಬಾಗಿಲು ಹಾಕಿಕೊಂಡು ತೊಳೆಯುತ್ತಿದ್ದ, ಆಮೇಲೆ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದ. ಕೊನೆಕೊನೆಗೆ ಅವನ ಕೈ ನಡುಗುತ್ತಿತ್ತು. ಕಾಸು ಜಾರಿ ನೆಲಕ್ಕೆ ಬೀಳುತ್ತಿತ್ತು. ಒಂದು ಸೋಮವಾರ ಅವನು ನನ್ನ ಮುಖ ನೋಡಿದ, ನಾನು ಒಳಗೆ ಹೋಗಿ ಬಾಗಿಲು ಹಾಕಿದೆ. ಅಲ್ಲಿಂದ ಮುಂದೆ ತೊಳೆದದ್ದು ನಾನು, ಹೊರಗೆ ಹಿಡಿದುಕೊಂಡು ಹೋದದ್ದು ಅವನು. ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಆಷಾಢದಲ್ಲಿ ಅಣ್ಣ ಸತ್ತ. ಮಲಗಿದವನು ಏಳಲಿಲ್ಲ, ಒಳ್ಳೆಯ ಸಾವು. ಹನ್ನೊಂದನೇ ದಿನದ ಊಟ ಮುಗಿದು ಎಲೆ ಎತ್ತುತ್ತಿದ್ದಾಗ ನಮ್ಮ ಚಿಕ್ಕಪ್ಪನ ಮಗ ನಾಗರಾಜು ಬಂದು ಎದುರಿಗೆ ನಿಂತ. ಅವನದು ಯಳಂದೂರಿನಲ್ಲಿ ಗೊಬ್ಬರದ ಅಂಗಡಿ. ಹುಳ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ಅವನ ಪಾಲಿನ ತೋಟ ಬೇರೆಯವರು ಮಾಡುತ್ತಿದ್ದರು. ಆದರೂ ಅಣ್ಣನ ನಂತರ ಹಿರೀ ಮನೆಯ ಕವಲಿನಲ್ಲಿ ದೊಡ್ಡ ಗಂಡಸು ಅವನೇ. ಕೈಯಲ್ಲಿ ಕೆಂಪು ರೇಷ್ಮೆ ಚೌಕ ಮಡಿಸಿ ಹಿಡಿದಿದ್ದ, ಕಾಸು ಸುತ್ತಿಕೊಂಡು ಹೋಗಲಿಕ್ಕೆ.

"ಅಕ್ಕ, ಕಾಸ ಕೊಡು. ಯಳಂದೂರ್ ಬಸ್ ಇಡೀಬೇಕು, ಒತ್ತಾಯ್ತದೆ" ಅಂದ.

"ಬಸ್ ಇಡ್ಕ ಓಗು. ಕಾಸ್ ಇಲ್ಲೇ ಇರ್ತದೆ" ಅಂದೆ.

ಅವನು ನಾನು ತಮಾಷೆ ಮಾಡಿದೆ ಅಂದುಕೊಂಡು ನಕ್ಕ. ನಾನು ಎಂಜಲೆಲೆ ಎತ್ತಿಕೊಂಡು ತಿಪ್ಪೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವನ ಮುಖದಲ್ಲಿ ನಗು ಇರಲಿಲ್ಲ.

ಸಂಜೆಯೊಳಗೆ ವಂಶಕ್ಕೆಲ್ಲ ನ್ಯಾಯ ಹೇಳುವ ಯಜಮಾನ ಮುದ್ದಪ್ಪನವರು ನಾಗರಾಜುವಿನ ಜೊತೆ ಇನ್ನೂ ಕೆಲವು ಗಂಡಸರನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಅವರು ಕೆಟ್ಟವರಲ್ಲ. ಏರಿದ ದನಿಯಲ್ಲಿ ಮಾತಾಡುವವರಲ್ಲ. ಹೆಂಗಸು ತೊಳೆದ ಹಾಲನ್ನು ಹುಳದ ಮನೆಗೆ ಹೇಗೆ ಹಾಕುವುದು, ಅದರಲ್ಲೂ ಗಂಡನನ್ನು ಬಿಟ್ಟು ಬಂದವಳು ಅಂತ ಮೆಲ್ಲಗೆ ಹೇಳಿದರು. ಇಷ್ಟು ವರ್ಷ ಅಣ್ಣನ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದೆ. ಅವನು ಮಣ್ಣಾದ ಮೇಲೆ ಮುಚ್ಚಿಕೊಳ್ಳುವುದಕ್ಕೆ ಕಾರಣ ಇರಲಿಲ್ಲ.

"ನಮ್ಮಣ್ಣನ ಕೈ ನಡುಗದು ನಿಮ್ಗ ಕಾಣ್ತಿರ್ನಿಲ್ವಾ ಯಜಮಾನ್ರೇ? ವರ್ಸಗಟ್ಲೆಯಿಂದ ನೀವು ಆಕ್ಕಂಡಿರದು ನಾನ್ ತೊಳ್ದ ಆಲೇ. ನಿಮ್ಮನೆ ಗೂಡೇನಾರ ಸೊರಗೋಗಿದ್ವಾ?"

ಯಜಮಾನರು ಎದುರಿಗಿದ್ದ ತಮ್ಮ ಮನೆಯ ಕಡೆ ತಿರುಗಿ ನೋಡಿದರು. ಅವರ ಮನೆಯ ಗೂಡು ಸೊರಗಿರಲಿಲ್ಲ. ಆ ವರ್ಷಗಳಲ್ಲೇ ಅವರು ಮೇಲೆ ಶೀಟು ತೆಗೆದು ತಾರಸಿ ಹಾಕಿಸಿದ್ದು. ಆದರೆ ಅಲ್ಲಿದ್ದ ಗಂಡಸರಿಗೆಲ್ಲ, ಇವಳು ಮೋಸ ಮಾಡಿದಳು ಅನ್ನುವುದಕ್ಕೆ ಇನ್ನೊಂದು ಮಾತು ಸಿಕ್ಕಿದ ಹಾಗಾಯಿತು. ನಾಗರಾಜು ಎದ್ದು ನಿಂತು, ಇವಳು ಕಾಸನ್ನು ಕಿತ್ತುಕೊಂಡಿದ್ದಾಳೆ, ನಾಳೆ ಮಾರಿಕೊಳ್ಳುತ್ತಾಳೆ, ಮೊದಲು ಅದೇನು ಅಂತ ತಿಳಿದವರಿಗೆ ತೋರಿಸೋಣ ಅಂದ. ತಿಳಿದವರು ಬಸವ ಅಂದರೆ, ಬಸವನನ್ನು ಹೆಂಗಸು ಮುಟ್ಟಬಾರದು ಅಂತ ಮುಗಿಸಿಬಿಡುವುದು ಅವನ ಲೆಕ್ಕ. ನಾನು ಆಗಲಿ ಅಂದೆ. ನನಗೂ ಅದೇನೆಂದು ನೋಡಬೇಕಿತ್ತು.

ಕೊಳ್ಳೇಗಾಲದಲ್ಲಿ ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರೊಬ್ಬರಿದ್ದರು. ಹಳೇ ನಾಣ್ಯ ಅಂದರೆ ಅವರಿಗೆ ಹುಚ್ಚು. ಯಜಮಾನರೂ ನಾನೂ ರಾಮಾಪುರದಲ್ಲಿ ಬಸ್ಸು ಹತ್ತಿದೆವು. ಕಾಸು ನನ್ನ ಎಲೆಅಡಿಕೆ ಸಂಚಿಯಲ್ಲಿ, ಸಂಚಿ ನನ್ನ ಸೊಂಟದಲ್ಲಿ. ಹನೂರು ದಾಟುವವರೆಗೂ ಯಜಮಾನರು ನನ್ನ ಸೊಂಟ ನೋಡುತ್ತಿದ್ದರು, ಆಮೇಲೆ ನಿದ್ದೆ ಹೋದರು. ಮಳೆ ಬಸ್ಸಿನ ಕಿಟಕಿಗೆ ಬಡಿಯುತ್ತಿತ್ತು. ನಾಗರಾಜು ಯಳಂದೂರಿನಿಂದ ಮೊದಲೇ ಬಂದು ಬಸ್‌ಸ್ಟ್ಯಾಂಡಿನಲ್ಲಿ ಛತ್ರಿ ಹಿಡಿದು ನಿಂತಿದ್ದ. ಛತ್ರಿ ಯಜಮಾನರಿಗೆ ಹಿಡಿದ. ನಾನು ನೆನೆದುಕೊಂಡು ನಡೆದೆ.

ಮೇಷ್ಟ್ರು ಕಾಸನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು, ಭೂತಗನ್ನಡಿ ಹಿಡಿದು ನೋಡಿದರು. ಚಿಕ್ಕ ತಕ್ಕಡಿಯಲ್ಲಿ ತೂಗಿದರು. ಒಂದು ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದರು, ಮತ್ತೆ ಕಾಸು ನೋಡಿದರು. ಇದನ್ನು ಯಾತರಲ್ಲಿ ಉಜ್ಜುತ್ತೀರಿ ಅಂತ ಕೇಳಿದರು. ಹುಣಸೆಹಣ್ಣು, ಬೂದಿ ಅಂದೆ. ಅವರು ಹಲ್ಲು ನೋವು ಬಂದವರ ಹಾಗೆ ಮುಖ ಮಾಡಿದರು.

"ಇನ್ನು ಉಜ್ಜಬೇಡಿ ಕಣಮ್ಮ. ನೋಡಿ, ಮೂಗೆಲ್ಲ ಸವೆದುಹೋಗಿದೆ."

"ಉಜ್ದೆ ಇದ್ರೆ ದೇವ್ರು ಕಪ್ಗಾಯ್ತಾನೆ ಸಾ."

ಅವರು ನಕ್ಕು, ದೇವರಲ್ಲ, ರಾಜ ಅಂದರು. ಆಮೇಲೆ ಹೇಳಿದ್ದನ್ನೆಲ್ಲ ನನಗೆ ತಿಳಿದಷ್ಟು ಬರೆಯುತ್ತೇನೆ.

ಕಾಬೂಲಿನಿಂದಲೂ ಆಚೆ, ಹಿಮದ ಬೆಟ್ಟಗಳ ಆ ಕಡೆ, ಗ್ರೀಕರು ಬಂದು ರಾಜ್ಯ ಕಟ್ಟಿದ್ದರಂತೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಈ ಕಾಸಿನವನ ಹೆಸರು ಯೂಕ್ರಟೈಡೀಸ್. ಮೇಷ್ಟ್ರು ನಿಧಾನವಾಗಿ ಬಿಡಿಸಿ ಹೇಳಿಕೊಟ್ಟರು. ಯಜಮಾನರ ಬಾಯಲ್ಲಿ ಅದು ಯುಕ್ರಪ್ಪ ಆಯಿತು, ನಮ್ಮೂರಲ್ಲಿ ಈಗಲೂ ಅವನು ಯುಕ್ರಪ್ಪನೇ. ಸಿಂಹಾಸನ ಅವನದಲ್ಲ, ಬೇರೆ ಮನೆತನದ್ದು. ದಂಡು ಕಟ್ಟಿಕೊಂಡು ಹೋಗಿ ಕಿತ್ತುಕೊಂಡ. ಕಿತ್ತುಕೊಂಡವನು ಬೆಳ್ಳಿ ಕರಗಿಸಿ ತನ್ನ ಮುಖ ಒತ್ತಿಸಿದ, ಸುತ್ತಲೂ ಮಹಾರಾಜ ಅಂತ ಅಕ್ಷರ ಹಾಕಿಸಿದ. ಆ ಕಾಲಕ್ಕೆ ಫೋಟೋ ಇಲ್ಲ, ಪೇಪರಿಲ್ಲ. ಈಗ ಯಾರು ರಾಜ ಅನ್ನುವುದನ್ನು ಸಂತೆಯಲ್ಲಿ ಓಡಾಡುವ ಕಾಸೇ ಜನಕ್ಕೆ ಹೇಳಬೇಕು. ಅದಕ್ಕೇ ಒಳ್ಳೆಯ ಬೆಳ್ಳಿ, ದೊಡ್ಡ ಕಾಸು, ದೊಡ್ಡ ಮುಖ.

ಯಜಮಾನರ ಮುಖ ಬಾಡಿತ್ತು. "ಅಂಗಾರೆ ಬಸವ ಅಲ್ವಾ ಸಾ?" ಅಂತ ಕೇಳಿದರು. ಕೊಂಬು ಎತ್ತಿನದೇ, ಬಲಶಾಲಿ ಅಂತ ತೋರಿಸಲು ಟೊಪ್ಪಿಗೆಗೆ ಹಾಕಿಸಿಕೊಂಡಿದ್ದಾನೆ ಅಂತ ಮೇಷ್ಟ್ರು ಸಮಾಧಾನ ಮಾಡಿದರು. ಆಮೇಲೆ ಕಾಸು ಮಗುಚಿದರು. ಆ ಮಗ್ಗುಲಲ್ಲಿ ಒಬ್ಬ ಗಂಡಸು, ಅವನ ಭುಜಕ್ಕೆ ಒತ್ತಿದ ಹಾಗೆ ಒಬ್ಬಳು ಹೆಂಗಸು. ನಾವು ಶಿವ ಪಾರ್ವತಿ ಅಂದುಕೊಂಡಿದ್ದೆವು. ಅದು ರಾಜನ ಅಪ್ಪ, ಅಮ್ಮ. ಅಪ್ಪನ ತಲೆ ಬೋಳು, ಅಂದರೆ ಏನೂ ಕಟ್ಟಿಲ್ಲ. ಅಮ್ಮನ ತಲೆಗೆ ಪಟ್ಟಿ ಕಟ್ಟಿದೆ. ಆ ಪಟ್ಟಿಯೇ ಅವರಿಗೆ ಕಿರೀಟ. ತಾಯಿ ರಾಜರ ಮನೆಯವಳು, ಅವಳ ಕಡೆಯಿಂದ ನನಗೆ ಹಕ್ಕಿದೆ ಅಂತ ಈ ಕಾಸಿನಲ್ಲಿ ಹೇಳಿಸಿದ್ದಾನೆ ಅಂತ ಕೆಲವರು ಊಹೆ ಮಾಡುತ್ತಾರೆ ಅಂದರು. ಅದು ನಿಜವೋ, ಕಿತ್ತುಕೊಂಡ ಮೇಲೆ ಹುಡುಕಿದ ನೆಪವೋ, ಯಾರೂ ಗಟ್ಟಿಯಾಗಿ ಹೇಳಲಾರರು ಅಂತಲೂ ಅಂದರು. ಮೇಷ್ಟ್ರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವರು. ಅದು ನನಗೆ ಹಿಡಿಸಿತು.

ನಾಗರಾಜುವಿನ ಮುಖ ಅರಳಿತು. ಬಸವ ಅಲ್ಲದಿದ್ದರೂ ಇದು ಅವನಿಗೆ ಇನ್ನೂ ಅನುಕೂಲ. "ಕಳ್ಳನ್ ತಲೆಗಾ ನಾವು ಇಷ್ಟ್ ಕಾಲ ಆಲ್ ಉಯ್ದಿರದು?" ಅಂದ. ಆ ರಾಜ ಕೊನೆಗೆ ಏನಾದ ಅಂತ ಯಜಮಾನರು ಕೇಳಿದರು. ಅವನ ಸ್ವಂತ ಮಗನೇ ಕೊಂದ, ರಕ್ತದ ಮೇಲೆ ರಥ ಓಡಿಸಿದ, ಹೆಣ ಮಣ್ಣು ಮಾಡುವುದಕ್ಕೂ ಬಿಡಲಿಲ್ಲ ಅಂತ ಹಳಬರು ಬರೆದಿದ್ದಾರೆ ಅಂದರು ಮೇಷ್ಟ್ರು.

ನಾಗರಾಜು ನನ್ನ ಕಡೆ ತಿರುಗಿದ. "ಕೇಳುಸ್ಕಂಡ್ಯಾ ಅಕ್ಕ, ಕಿತ್ಕಂಡವ್ರ ಗತಿ?"

"ನಂಗ ಮಕ್ಳಿಲ್ಲ ಕಣ್ಲಾ. ಆ ದಿಗಿಲು ನಿಂಗಿರ್ಲಿ."

ಮೇಷ್ಟ್ರು ತುಟಿ ಕಚ್ಚಿಕೊಂಡು ಪುಸ್ತಕದೊಳಗೆ ತಲೆ ಹಾಕಿದರು. ಹೊರಡುವಾಗ ಕಾಸನ್ನು ನನ್ನ ಕೈಗೇ ಕೊಟ್ಟರು. ನಾಗರಾಜು ಕೈ ಚಾಚಿದ್ದ, ಅವರು ನೋಡದವರ ಹಾಗೆ ಮಾಡಿದರು.

ಮಾರನೇ ದಿನ ಮಾರಿಗುಡಿಯ ಜಗಲಿಯಲ್ಲಿ ಎಲ್ಲ ಮನೆಯ ಗಂಡಸರೂ ಸೇರಿದರು. ನನ್ನನ್ನು ಕರೆದರು. ಯಜಮಾನರು ಬಸ್ಸಿನಲ್ಲಿ ವಾಪಸು ಬರುವಾಗ ನಿದ್ದೆ ಮಾಡಿರಲಿಲ್ಲ, ಯೋಚನೆ ಮಾಡಿದ್ದರು. ಅವರು ಒಂದು ದಾರಿ ತಂದಿದ್ದರು. ತಾಯಿಯ ಕಡೆಯಿಂದಲೂ ಹಕ್ಕು ಬರುತ್ತದೆ ಅಂತ ಕಾಸಿನಲ್ಲೇ ಇದೆಯಲ್ಲ. ದುಂಡಮ್ಮ, ಅಂದರೆ ನಾನು, ನಾಗರಾಜುವಿನ ಮಗನನ್ನು ದತ್ತು ತೆಗೆದುಕೊಳ್ಳಲಿ. ಕಾಸು ಅವಳ ಮನೆಯಲ್ಲೇ ಇರಲಿ, ಅವಳು ತಾಯಿ ಅಂತ ಕೂರಲಿ, ಸೋಮವಾರ ಅವನು ಬಂದು ತೊಳೆದು ಹೋಗಲಿ. ಅವಳ ಮರ್ಯಾದೆಯೂ ಉಳಿಯಿತು, ಕ್ರಮವೂ ಉಳಿಯಿತು. ಒಪ್ಪದಿದ್ದರೆ ಯಾವ ಮನೆಯವರೂ ಅವಳಿಗೆ ಮುಯ್ಯಾಳು ಹೋಗುವ ಹಾಗಿಲ್ಲ.

ಮುಯ್ಯಾಳು ಅಂದರೆ ನಮ್ಮಲ್ಲಿ ಉಸಿರು. ಇವತ್ತು ನಾನು ನಿಮ್ಮ ಮನೆಗೆ ಸೊಪ್ಪು ಕೊಯ್ಯಲು ಬಂದರೆ ನಾಳೆ ನೀವು ನಮ್ಮ ಮನೆಗೆ. ನಾಲ್ಕನೇ ಜ್ವರ ಬಿಟ್ಟೆದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳ ಹಗಲು ರಾತ್ರಿ ತಿನ್ನುತ್ತದೆ. ಆ ವಾರ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಮುಯ್ಯಾಳು ನಿಂತರೆ ಬೆಳೆ ನಿಂತಿತು, ಬೆಳೆ ನಿಂತರೆ ನಾನು ಯಾರದೋ ಮನೆಯ ಕೂಲಿಗೆ ಹೋಗಬೇಕು. ಜಗಲಿಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಎಲ್ಲರೂ ಒಪ್ಪಿಗೆಯಾಗಿಯೇ ಹೋಯಿತು ಅನ್ನುವ ಹಾಗೆ ಬಾಯಿಗೆ ಎಲೆಅಡಿಕೆ ಹಾಕಿಕೊಂಡರು.

ಯಜಮಾನರು ಒಳ್ಳೆಯದಕ್ಕೇ ಹೇಳಿದರು. ಅದೇ ನನಗೆ ಆಗಲಿಲ್ಲ. ನಾನು ಎದ್ದು ನಿಂತೆ.

"ಆ ಯುಕ್ರಪ್ಪ ಅವ್ವನ್ ತಲೆಗೆ ಪಟ್ಟಿ ಕಟ್ದ. ಯಾಕ? ಕಿತ್ಕಂಡಿವ್ನಿ ಅನ್ನಕ್ಕೆ ಅಂವ್ಗ ನಾಚ್ಕೆ ಆಯ್ತು. ನಂಗ ಆಗದಿಲ್ಲ. ನಾನು ಯಾರ್ಗೂ ಅವ್ವ ಅಲ್ಲ, ಈ ವಯಸ್ಗ ಆಗದೂ ಇಲ್ಲ. ತೊಳ್ದವ್ಳು ನಾನು, ಮಡಿಕ್ಕಂಡಿರವ್ಳು ನಾನು. ಕಿತ್ಕಂಡ್ಳು ಅಂತೀರಾ, ಅನ್ನಿ."

ನಾನು ಚಪ್ಪಲಿ ಹಾಕಿಕೊಂಡು ಮನೆಗೆ ಬಂದು ಸಾರಿಗೆ ಇಟ್ಟೆ. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಉಪ್ಪು ಹಾಕಿದ್ದೆನೋ ಇಲ್ಲವೋ ಮರೆತುಹೋಗಿ ಇನ್ನೊಂದು ಸಲ ಹಾಕಿದೆ, ಆ ಸಾರನ್ನು ಹಾಗೇ ಉಂಡೆ.

ಶ್ರಾವಣದ ಮೊದಲ ಸೋಮವಾರ ಬಂತು. ನಾನು ತಲೆಗೆ ನೀರು ಹಾಕಿಕೊಂಡು, ದೇವರ ಕೋಣೆಯ ಬಾಗಿಲು, ಬೀದಿ ಬಾಗಿಲು ಎರಡನ್ನೂ ತೆಗೆದಿಟ್ಟು ಕಾಸು ತೊಳೆದೆ. ಮೇಷ್ಟ್ರು ಹೇಳಿದ ಮೇಲೆ ಹುಣಸೆಹಣ್ಣು ಮುಟ್ಟಿಸಲಿಲ್ಲ, ಬರೀ ಹಾಲು. ಅದೇ ಹೊತ್ತಿಗೆ ಯಜಮಾನರ ಮನೆಯಲ್ಲಿ ಇನ್ನೊಂದು ಕಾಸು ತೊಳೆಯುತ್ತಿದ್ದರು. ನಾಗರಾಜು ಕೊಳ್ಳೇಗಾಲದ ಆಚಾರಿಯಿಂದ ಹೊಸ ಬೆಳ್ಳಿ ಕಾಸು ಮಾಡಿಸಿ ತಂದಿದ್ದ. ಒಂದು ಮಗ್ಗುಲಲ್ಲಿ ಲಿಂಗ, ಇನ್ನೊಂದು ಮಗ್ಗುಲಲ್ಲಿ ನಂದಿ, ಪೂರ್ತಿ ನಂದಿ, ಬಾಲ ಸಮೇತ. ಇದೇ ನಿಜವಾದ ಬಸವನ ಕಾಸು ಅಂತ ಸಾರಿದ. ನನಗೆ ನಗು ಬಂತು. ನನ್ನನ್ನು ಕಿತ್ತುಕೊಂಡವಳು ಅಂದವನು ಮಾಡಿದ ಮೊದಲ ಕೆಲಸ ತನ್ನ ಕಾಸು ಹೊಡೆಸಿದ್ದು. ಯುಕ್ರಪ್ಪ ಬದುಕಿದ್ದಿದ್ದರೆ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ.

ಎಲ್ಲರೂ ಪಾತ್ರೆ ಹಿಡಿದು ಅಲ್ಲಿಗೆ ಹೋದರು. ನಮ್ಮ ಬಾಗಿಲ ಮುಂದೆಯೇ ಹೋದರು. ಒಬ್ಬರೂ ತಿರುಗಿ ನೋಡಲಿಲ್ಲ. ನಾನು ನಮ್ಮ ಹುಳದ ಮನೆಗೆ ಹಾಲು ಚಿಮುಕಿಸಿ, ಉಳಿದದ್ದನ್ನು ಕರುವಿಗೆ ಕುಡಿಸಿದೆ.

ಮರಿ ಹುಳ ಯಾವಾಗಲೂ ತರುವುದರಲ್ಲಿ ಅರ್ಧ ಮಾತ್ರ ತಂದೆ. ಕೈ ಬೇಕಲ್ಲ ಅಂತ ಮಾರ್ಟಳ್ಳಿಗೆ ಹೇಳಿಕಳಿಸಿದೆ. ನಾನು ಅಲ್ಲಿ ಬಾಳಿದ್ದಾಗ ಪಕ್ಕದ ಮನೆಯಲ್ಲಿದ್ದ ಸೆಲ್ವಿ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಅವರಿಗೆ ನಮ್ಮ ವಂಶವೂ ಬೇಡ, ಕಾಸೂ ಬೇಡ, ಕೂಲಿ ಬೇಕು. ಸೆಲ್ವಿ ಒಂದು ದಿನ ಕಾಸು ನೋಡಿ ಇದು ಯಾವ ಸಾಮಿ ಅಂತ ಕೇಳಿದಳು. ಕಥೆ ಹೇಳಿದೆ. ಎಲ್ಲ ರಾಜರೂ ಹಾಗೇ ಅಲ್ಲವಾ ಅಕ್ಕ ಅಂತ ತಮಿಳಿನಲ್ಲಿ ಅಂದು ಸೊಪ್ಪು ಕತ್ತರಿಸಲು ಕೂತಳು. ನಮ್ಮ ಗಂಡಸರಿಗೆ ಜಗಲಿ ತುಂಬ ಮಾತಾಡಿದರೂ ಹೊಳೆಯದ್ದು ಅದು.

ಮಳೆ ಬಿಡಲಿಲ್ಲ. ಸೊಪ್ಪೆಲ್ಲ ಒದ್ದೆ. ಒಲೆಯ ಬಿಸಿಗೆ ಹರವಿದೆವು, ಸೀರೆಯಲ್ಲಿ ಒರೆಸಿದೆವು, ಫ್ಯಾನು ಹಾಕಿದರೆ ಕರೆಂಟು ಹೋಯಿತು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹಾಲುರೋಗ ಬಿತ್ತು. ಹುಳ ಊದಿಕೊಂಡು, ಮುಟ್ಟಿದರೆ ಒಡೆದು ಬೆಳ್ಳಗೆ ಸೋರುತ್ತಿತ್ತು. ಸತ್ತದ್ದನ್ನು ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಹಾಕಿ ಸುಣ್ಣ ಸುರಿದೆ. ಮಿಕ್ಕ ಹುಳವನ್ನು ಚಂದ್ರಂಕಿಗೆ, ಗೂಡು ಕಟ್ಟಿಸುವ ಬಿದಿರು ತಟ್ಟೆಗೆ ಬಿಟ್ಟೆ, ಗೂಡು ಕಟ್ಟಿದವು. ಬಸವ ಮುನಿದ ಅಂತ ಊರಲ್ಲಿ ಮಾತಾಯಿತು. ಎರಡು ದಿನಕ್ಕೆ ಆ ಮಾತು ನಿಂತಿತು. ಯಜಮಾನರ ಮನೆಯಲ್ಲೂ ಹಾಲುರೋಗ, ಅವರ ಪಕ್ಕದ ಮನೆಯಲ್ಲೂ. ಹೊಸ ಕಾಸಿನ ಹಾಲು ಹಾಕಿದ ಮನೆ, ಹಳೇ ಕಾಸಿನ ಹಾಲು ಹಾಕಿದ ಮನೆ ಅಂತ ರೋಗ ನೋಡಲಿಲ್ಲ. ಒದ್ದೆ ಸೊಪ್ಪು ಹಾಕಿದ ಮನೆಯನ್ನೆಲ್ಲ ನೋಡಿತು.

ಆದರೆ ಹೆಂಗಸರ ಲೆಕ್ಕ ಬೇರೆ. ನನ್ನ ಕೈಯ ಹಾಲು ಬಂದಷ್ಟು ವರ್ಷ ಗೂಡು ಚೆನ್ನಾಗಿತ್ತು, ಅದು ತಪ್ಪಿದ ವರ್ಷವೇ ಹೀಗಾಯಿತು ಅಂತ ಅವರವರೇ ನೀರಿನ ಟ್ಯಾಂಕಿನ ಹತ್ತಿರ ಮಾತಾಡಿಕೊಂಡರು. ಅದು ಸರಿಯಾದ ಲೆಕ್ಕ ಅಂತ ನಾನು ಹೇಳುವುದಿಲ್ಲ. ನಾನು ತಿದ್ದಲಿಕ್ಕೂ ಹೋಗಲಿಲ್ಲ.

ಮುಂದಿನ ಬೆಳೆಗೆ ಕಾಸು ತೊಳೆಯುವ ಸೋಮವಾರದ ಹಿಂದಿನ ಸಂಜೆ ಯಜಮಾನರ ಹೆಂಡತಿ ಗೌರವ್ವ ಹಿತ್ತಿಲ ಬಾಗಿಲಿಗೆ ಬಂದಳು. ಸೆರಗಿನೊಳಗೆ ತಂಬಿಗೆ. ಬೆಳಿಗ್ಗೆ ತೊಳೆದ ಮೇಲೆ ಒಂದು ತಂಬಿಗೆ ಹಾಲನ್ನು ಹಿತ್ತಿಲ ಬೇಲಿಯ ಹತ್ತಿರ ಇಟ್ಟಿರು, ತೆಗೆದುಕೊಂಡು ಹೋಗುತ್ತೇನೆ, ಯಾರಿಗೂ ಹೇಳಬೇಡ ಅಂತ ಪಿಸುಗುಟ್ಟಿದಳು.

"ಮುಂದ್ಗಡೆ ಬಾಗ್ಲು ತಗ್ದಿರ್ತದೆ ಗೌರಕ್ಕ. ಅಲ್ಲಿಂದ ಬಾ" ಅಂದೆ.

"ನಮ್ಮನೇರು ಎದ್ರುಗೇ ಕೂತಿರ್ತಾರೆ ಕಣವ್ವ. ನೋಡ್ತಾರೆ."

"ನೋಡ್ಲಿ."

ಅವಳು ನನ್ನ ಸೊಕ್ಕಿಗೆ ನನ್ನ ಬೆಳೆ ಹಾಳಾದದ್ದು ಅಂದಳು, ಇನ್ನೂ ಏನೇನೋ ಅಂದಳು, ತಂಬಿಗೆ ಸೆರಗಿಗೆ ಸೇರಿಸಿಕೊಂಡು ಹೊರಟುಹೋದಳು. ಒಂದು ತಂಬಿಗೆ ಹಾಲು ಬೇಲಿಯ ಹತ್ತಿರ ಇಡುವುದು ಕಷ್ಟವೇನಲ್ಲ. ಅವಳು ನನಗೆ ಬೇಕಾದವಳು, ನಾನು ಮಾರ್ಟಳ್ಳಿಯಿಂದ ಬಂದಾಗ ಮೊದಲ ದಿನ ಊಟ ತಂದುಕೊಟ್ಟವಳು. ಆದರೂ ಹಾಲು ಹಿತ್ತಿಲಿಂದ ಹೋದರೆ ನಾನು ಮತ್ತೆ ಮುಚ್ಚಿದ ಬಾಗಿಲ ಹಿಂದೆ ಕೂತು ತೊಳೆದ ಹಾಗೇ. ಅಷ್ಟಕ್ಕೆ ಇಷ್ಟೆಲ್ಲ ಯಾಕೆ ಬೇಕಿತ್ತು, ಅಣ್ಣ ಇದ್ದಾಗ ಇದ್ದದ್ದೂ ಅದೇ ಅಲ್ಲವಾ?

ಬೆಳಿಗ್ಗೆ ಕಾಸು ತೊಳೆದು ಪಾತ್ರೆಯನ್ನು ಹೊಸ್ತಿಲ ಒಳಗೆ ಇಟ್ಟುಕೊಂಡು ಕೂತೆ. ಬಿಸಿಲು ಬಂದಿತ್ತು. ಎದುರು ಜಗಲಿಯಲ್ಲಿ ಯಜಮಾನರು, ಇನ್ನೂ ನಾಲ್ಕು ಜನ ಗಂಡಸರು ಕಾಫಿ ಕುಡಿಯುತ್ತಿದ್ದರು. ಹೊಸ ಕಾಸು ತೊಳೆಯಬೇಕಾದ ನಾಗರಾಜುವಿನ ಬಸ್ಸು ಇನ್ನೂ ಬಂದಿರಲಿಲ್ಲ. ಗೌರವ್ವ ಒಳಗಿನಿಂದ ಬಂದಳು. ತಂಬಿಗೆ ಕೈಯಲ್ಲೇ ಇತ್ತು, ಸೆರಗು ಮುಚ್ಚಿರಲಿಲ್ಲ. ಜಗಲಿ ಇಳಿದು ಬೀದಿಗೆ ಕಾಲಿಟ್ಟಳು. ಎಲ್ಲಿಗೆ ಅಂತ ಯಜಮಾನರು ಕೇಳಿದರು.

"ಕಾಣದಿಲ್ವಾ?" ಅಂದಳು. ನಿಲ್ಲಲಿಲ್ಲ.

ಯಜಮಾನರು ಲೋಟ ಕೆಳಗಿಟ್ಟರು, ಎದ್ದರು, ಮತ್ತೆ ಕೂತರು. ಗೌರವ್ವ ನನ್ನ ಹೊಸ್ತಿಲ ಮುಂದೆ ಬಂದು ನಿಂತು, ಹಿಂದಿನ ದಿನದ ಸಿಟ್ಟಿನಲ್ಲೇ ನನ್ನ ಮುಖ ನೋಡದೆ ತಂಬಿಗೆ ಚಾಚಿದಳು. ನಾನು ಹಾಲು ಉಯ್ದೆ. ತಂಬಿಗೆ ತುಂಬಿದರೂ ಅವಳು ಹೋಗಲಿಲ್ಲ.

"ಇನ್ನೊಂದ್ ಪಾತ್ರೇಲಿ ವಸಿ ಕೊಡು. ಪಕ್ಕದ್ಮನೇವ್ಳೂ ಕೇಳವ್ಳೆ, ನಾನೇ ಕೊಟ್ಬುಡ್ತೀನಿ."

"ಅವ್ಳ್ ಕಾಲ್ಗೇನಾಗದೆ?" ಅಂದೆ. "ಅವ್ಳೇ ಬರ್ಲಿ."